ಬಿಳಿಗಿರಿ ಕಾಡಿನೊಳಗೆ ಸೋಲಿಗರ ಪೂಜೆ: ಅನುಮತಿಯೋ, ಹಕ್ಕೋ?

ಚಾರಣಪ್ರಿಯ (ಬೆಂಗಳೂರು)

ಮೊನ್ನೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ವಿ. ಕ್ಯಾತದೇವರ ಗುಡಿಯಿಂದ ಸಫಾರಿ ಹತ್ತುವಾಗಲೇ ಕಟ್ಟುನಿಟ್ಟು: ಜೀಪಿನಿಂದ ಇಳಿಯಬೇಡಿ, ಜೋರಾಗಿ ಮಾತಾಡಬೇಡಿ, ಕವರ್ ಬಿಸಾಡಬೇಡಿ. ಎಲ್ಲ ಸರಿ. ಸ್ವಲ್ಪ ದೂರ ಹೋದಮೇಲೆ ನೋಡಿದ್ರೆ ಒಂದು ಗುಂಪು, ಹೆಂಗಸರು ಮಕ್ಕಳೂ ಇದ್ದರು, ಹಣ್ಣು ಕಾಯಿ ಹಿಡ್ಕೊಂಡು ಕಾಡುದಾರಿಯಲ್ಲಿ ನಡ್ಕೊಂಡು ಹೋಗ್ತಿದೆ. "ಸೋಲಿಗರು ಸಾರ್, ಅವರ ದೇವ್ರಿಗೆ ಹೊಂಟವ್ರೆ" ಅಂದ ಡ್ರೈವರ್. ಇಲ್ಲಿನ ಕಾಡಿನ ಬುಡಕಟ್ಟು ಜನ ಅವರು.

ಯಾರ ನಂಬಿಕೆಯನ್ನೂ ಹೀಯಾಳಿಸೋದು ನನ್ನ ಉದ್ದೇಶ ಅಲ್ಲ. ಆದರೆ ಇದು ಹುಲಿ ಸಂರಕ್ಷಿತ ಪ್ರದೇಶದ ಕೋರ್, ಅಂದ್ರೆ ಒಳಗಿನ ಮುಖ್ಯ ಭಾಗ. ನಮಗೆ ಹತ್ತು ಹೆಜ್ಜೆ ಇಳಿದು ನಡೆಯೋಕೂ ಬಿಡಲ್ಲ, ಪೂಜೆ ಅಂದ ಕೂಡಲೇ ಅವರಿಗೆ ಅನುಮತಿ ಹೇಗೆ ಸಿಗುತ್ತೆ? ಅವರ ಪೋಡಿನ (ಹಟ್ಟಿಯ) ಪಕ್ಕದಲ್ಲೇ ಒಂದು ಗುಡಿ ಕಟ್ಟಿ ದೇವರನ್ನ ಅಲ್ಲಿಗೆ ತಂದ್ರೆ ಹುಲಿಗೂ ನೆಮ್ಮದಿ, ಜನಕ್ಕೂ ಸುರಕ್ಷಿತ ಅಲ್ವಾ? ಗೊತ್ತಿದ್ದವರು ಹೇಳಿ.

ಯಳಂದೂರು ಮೇಷ್ಟ್ರು

ಕೇಳಿದ್ದು ಒಳ್ಳೇದಾಯ್ತು, ಏಕೆಂದರೆ ಬಹಳ ಜನ ಒಳಗೊಳಗೇ ಹೀಗೆ ಅಂದುಕೊಂಡು ಸುಮ್ಮನಿರುತ್ತಾರೆ. ನೀವು ಜೀಪ್ ಹತ್ತಿದಿರಲ್ಲ, ಆ ಕ್ಯಾತದೇವರ ಗುಡಿಯೇ ಸೋಲಿಗರ ದೇವರ ಜಾಗ. ಸಫಾರಿ ಆಮೇಲೆ ಬಂದದ್ದು.

ಸೋಲಿಗರು ಈ ಬೆಟ್ಟವನ್ನು ಕುಲಕ್ಕೊಂದು ಎಲ್ಲೆ ಅಂತ ಹಂಚಿಕೊಂಡವರು. ಎಲ್ಲೆ ಅಂದರೆ ಸರ್ವೆ ಕಲ್ಲು ನೆಟ್ಟ ಜಮೀನಲ್ಲ. ಈ ಹಳ್ಳದಿಂದ ಆ ಏಣಿನವರೆಗೆ ನಮ್ಮ ಹಿರೀಕರು ಬಾಳಿದ ಜಾಗ ಅನ್ನುವ ಲೆಕ್ಕ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಐದು ಬಗೆಯ ತಾಣ. ಕಲ್ಲುಗುಡಿ ಸತ್ತ ಹಿರಿಯರದ್ದು, ಅಬ್ಬಿ ನೀರಿನ ಸೆಲೆ. ಆ ಎಲ್ಲೆಗೆ ಸೇರಿದ ಕುಲದವರೇ ಹೋಗಿ ನಡೆಸಬೇಕು, ಬೇರೆ ಯಾರೋ ಪೂಜಾರಿ ಇಟ್ಟು ಮುಗಿಸುವ ಕೆಲಸ ಅಲ್ಲ.

1974ರಲ್ಲಿ ಇದು ವನ್ಯಧಾಮ ಅಂತ ಆದಾಗ ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುವ ಸುತ್ತು ಬೇಸಾಯ ನಿಂತಿತು, ಕಾಡೊಳಗೆ ಚದುರಿದ್ದ ಎಷ್ಟೋ ಮನೆಗಳು ರಸ್ತೆ ಬದಿಯ ಪೋಡುಗಳಿಗೆ ಬಂದವು. ಜನ ಬಂದರು, ತಾಣಗಳು ಅಲ್ಲೇ ಉಳಿದವು. ನೀವು ಕಂಡ ಗುಂಪು ಹೊಸದಾಗಿ ಕಾಡಿಗೆ ನುಗ್ಗಿದ್ದಲ್ಲ, ಹಳೇ ಮನೆ ಕಡೆಗೆ ಹೊರಟದ್ದು.

ಚಾರಣಪ್ರಿಯ

ಮೇಷ್ಟ್ರೇ, ಅರ್ಥ ಆಯ್ತು. ಆದರೆ ಇತಿಹಾಸ ಬೇರೆ, ಈಗಿನ ಕಾನೂನು ಬೇರೆ. ನಮ್ಮಜ್ಜನ ಊರು ಹಿನ್ನೀರಲ್ಲಿ ಮುಳುಗಿದೆ, ನಾವು ಅಲ್ಲಿಗೆ ಹೋಗಿ ಪೂಜೆ ಮಾಡ್ತೀವಿ ಅಂತ ಹಠ ಹಿಡಿಯಲ್ಲ.

ಕಾನೂನುಕಟ್ಟೆ

ಕಾನೂನು ಅಂದ್ರಲ್ಲ, ಅದೇ ಮಾತಾಡೋಣ. ತಪ್ಪು ತಿಳಿವಳಿಕೆ ಇರೋದು "ಅನುಮತಿ" ಅನ್ನೋದರಲ್ಲಿ.

2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯಭೂಮಿ ಅಂದರೆ ಏನು ಅಂತ ಹೇಳುವಾಗಲೇ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನೂ ಸೇರಿಸಿಕೊಂಡಿದೆ. ಅಂದರೆ ಕೋರ್ ಅಂದ ಮಾತ್ರಕ್ಕೆ ಆ ಕಾಯ್ದೆಯ ಹಕ್ಕು ತಾನಾಗಿ ಬಿದ್ದುಹೋಗಲ್ಲ. 2011ರ ಶುರುವಿನ ಹೊತ್ತಿಗೆ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯ ಆಗಿದ್ದು ಅದೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿಯಂಥ ಕಿರು ಅರಣ್ಯ ಉತ್ಪನ್ನಗಳ ಜೊತೆಗೆ ತಮ್ಮ ಪವಿತ್ರ ತಾಣಗಳಿಗೆ ಹೋಗಿಬರುವುದೂ ಅದರಲ್ಲಿದೆ.

ಇನ್ನು ನಿಮ್ಮ ಹಿನ್ನೀರಿನ ಹೋಲಿಕೆ. ಆ ಊರನ್ನು ಸ್ವಾಧೀನ ಮಾಡಿಕೊಂಡು, ಪರಿಹಾರದ ಲೆಕ್ಕ ಮುಗಿಸಿ ಮುಳುಗಿಸಿದರು. ಇಲ್ಲಿ ಹಕ್ಕು ಇತ್ತು ಅಂತ ಸರ್ಕಾರವೇ ಬರೆದುಕೊಟ್ಟಿದೆ. ಎರಡೂ ಒಂದೇ ಅಲ್ಲ.

ಪೋಡಿನ ಹುಡುಗ

ಎಲ್ಲಾರೂ ನಮ್ ವಿಷ್ಯ ಮಾತಾಡ್ತಾವ್ರೆ, ನಾನೂ ಒಂದೆಲ್ಡು ಮಾತು ಬರೀತೀನಿ. ನಾನು ಮೈಸೂರಲ್ಲಿ ಕೆಲ್ಸದಲ್ಲಿದೀನಿ, ಹಬ್ಬಕ್ಕೆ ಊರಿಗೆ ಹೋಯ್ತೀನಿ.

ಚಾರಣಪ್ರಿಯ ಸಾರ್, ದೇವ್ರನ್ನ ಪೋಡಿನ ಪಕ್ಕಕ್ಕೆ ತರಬೋದಲ್ಲ ಅಂದ್ರಿ. ಅಬ್ಬೀನ ಹೊತ್ಕೊಂಡು ಬರಕ್ಕಾದದಾ? ಅದು ನೀರು ಹುಟ್ಟೋ ಜಾಗ. ನಮ್ ತಾತನ ತಾತನ ಕಲ್ಲು ಅವ್ರು ಮಣ್ಣಾದ ಜಾಗದಲ್ಲೇ ಅದ. ಅದ್ನ ಕಿತ್ತು ರೋಡ್ ಪಕ್ಕ ಸಿಮೆಂಟಲ್ಲಿ ನೆಟ್ರೆ ಅದು ಕಲ್ಲಷ್ಟೇ.

ನೀವು ಕಂಡಂಗೆ ದೊಡ್ಡ ಗುಂಪಾಗಿ ದಿನಾ ಹೋಗಲ್ಲ ಸಾರ್. ವರ್ಷದಲ್ಲಿ ಯಾವಾಗ್ಲೋ. ಜಾಗ ಇನ್ನೊಂದು ಕೂಗಳತೆ ಅದ ಅನ್ನುವಾಗ್ಲೇ ಚಪ್ಪಲಿ ಬುಡ್ತೀವಿ. ತಾತ ಮೊದ್ಲು ಕಲ್ಲಿನ ಸುತ್ತ ಬಿದ್ದಿರೋ ತರಗನ್ನ ಕೈಯಲ್ಲೇ ಬಳೀತದ, ಪೊರಕೆ ಮುಟ್ಟಿಸಲ್ಲ. ಆಮ್ಯಾಕೆ ಅಬ್ಬೀಲಿ ತಂದ ನೀರು ಹುಯ್ದು, ಧೂಪ ಹಾಕಿ, ಕಾಯಿ ಒಡೀತೀವಿ. ಧೂಪನೂ ಕಾಡಿಂದೇಯ. ತಾತ ಒಂದೊಂದು ಹೆಸ್ರು ಹಿಡ್ದು ಕೂಗ್ತದ, ಹಿಂದೆ ನಿಂತಿರೋ ಮಕ್ಳು ಅದ್ನೇ ಹೇಳ್ಬೇಕು. ಅಷ್ಟೇಯ. ಮೈಕಿಲ್ಲ, ಪಟಾಕಿಲ್ಲ. ಸಂಜೆ ಆಗೋ ಮುಂಚೆ ವಾಪಸ್, ಯಾಕಂದ್ರ ಆನೆ ನಮಗೂ ಆನೇಯ.

ಒಂದ್ ಸಲ ಒಂದ್ ಚೆಕ್‌ಪೋಸ್ಟಲ್ಲಿ ನಮ್ಮತ್ರ ಹೆಸ್ರು, ಆಧಾರ್ ನಂಬರು ಬರೆಸ್ಕೊಂಡು ಅರ್ಧ ದಿನ ಕೂರ್ಸಿದ್ರು. ತಾತ ಒಂದೇ ಮಾತು ಕೇಳ್ತು: "ನಮ್ಮಪ್ಪನ್ನ ನೋಡಕ್ಕೆ ಯಾರಿಗಪ್ಪ ಅರ್ಜಿ ಹಾಕ್ಬೇಕು?"

ಹಕ್ಕಿನೋಟ (ಚಾಮರಾಜನಗರ)

ಹಕ್ಕಿ ಎಣಿಕೆಗೆ ಈ ಬೆಟ್ಟಕ್ಕೆ ತುಂಬ ವರ್ಷದಿಂದ ಹೋಗುತ್ತಿರುವವನು ನಾನು. ಪೂಜೆಗೆ ನನ್ನ ತಕರಾರೇನಿಲ್ಲ. ನನ್ನ ತಕರಾರು ಬೆಂಕಿಯ ಬಗ್ಗೆ. ಹಕ್ಕು ಅಂತ ಶುರುವಾದದ್ದು ನಾಳೆ "ನಮ್ಮ ಸಂಪ್ರದಾಯದಂತೆ ತರಗಿಗೆ ಬೆಂಕಿ ಹಾಕ್ತೀವಿ" ಅನ್ನುವಲ್ಲಿಗೆ ಬರುತ್ತೆ. ಬೇಸಿಗೆಯಲ್ಲಿ ಈ ಕಾಡಿಗೆ ಬೆಂಕಿ ಬಿದ್ದರೆ ಏನಾಗುತ್ತೆ ಅಂತ ಸುತ್ತಮುತ್ತಲಿನವರು ನೋಡಿದ್ದೇವೆ.

ಪೋಡಿನ ಹುಡುಗ

ಅಣ್ಣ, ತರಗು ಬೆಂಕಿ ಬೇಸಿಗೇಲಿ ಹಾಕೋದಲ್ಲ. ಚಳಿ ಮುಗೀತಾ ಇದ್ದಂಗೆ, ನೆಲದಲ್ಲಿ ಇನ್ನೂ ಹಸಿ ಇರುವಾಗ. ಮೊಣಕಾಲೆತ್ತರ ಕೂಡ ಏಳಲ್ಲ. ತರಗು ಸುಟ್ಟು, ಮಳೆ ಬಿದ್ದ ಮ್ಯಾಕೆ ಹುಲ್ಲು ಚಿಗುರ್ತದ. ಹುಲ್ಲು ಬಂದ್ರೆ ಕಡವೆ, ಕಡವೆ ಬಂದ್ರೆ ಹುಲಿ. ನೀವು ಹೇಳೋ ಬೆಂಕಿ ವರ್ಷಾನುಗಟ್ಟಲೆ ತರಗು ಮೆದೆಯಾಗಿ ಬಿದ್ದಿದ್ದಕ್ಕೆ ಬರೋ ಬೆಂಕಿ.

ಯಳಂದೂರು ಮೇಷ್ಟ್ರು

ಈ ಬೆಂಕಿ ವಿಚಾರ ಪೂಜೆಗಿಂತ ಬೇರೆ ಅಂತ ನಾವು ಪಟ್ಟಣದವರು ಅಂದುಕೊಳ್ಳುತ್ತೇವೆ, ಅವರು ಹಾಗೆ ಎರಡು ಕಡತ ಮಾಡಿಲ್ಲ. ತಾಣಕ್ಕೆ ಹೋಗುವ ದಾರಿ ತೆರೆದಿರಬೇಕು, ಸೆಲೆ ಹೂಳಬಾರದು, ನೆಲ್ಲಿಮರ ಕಾಯಿ ಬಿಡಬೇಕು. ಇದೆಲ್ಲ ನೋಡಿಕೊಳ್ಳುವುದೇ ಎಲ್ಲೆಯವರ ಕೆಲಸ. ನೆಲ್ಲಿಮರಕ್ಕೆ ಹತ್ತುವ ಉಪ್ಪಿಲಿಗೆ ಅನ್ನುವ ಬಂದಳಿಕೆ ಇದೆ. ಬೆಂಕಿ ನಿಂತಮೇಲೆ ಅದು ವಿಪರೀತ ಆಯ್ತು ಅಂತ ಸೋಲಿಗರು ಬಹಳ ಹಿಂದಿನಿಂದ ಹೇಳುತ್ತಿದ್ದಾರೆ.

ಬೆಂಕಿ ನಿಂತಮೇಲೆ ಹಬ್ಬಿತು ಅನ್ನುವ ಲಂಟಾನ ಎಂಬ ಕಳೆಪೊದೆಯ ಮಾತಿಗೆ ಬಂದರೆ, ಬಿಳಿಗಿರಿಯಲ್ಲಿ ನಡೆದ ಅಧ್ಯಯನವೇ ಇದೆ. 1997ರಲ್ಲಿ ನೋಡಿದ ತಾಕುಗಳಲ್ಲಿ ಶೇ. 41ರಲ್ಲಿ ಲಂಟಾನ ಇತ್ತು, 2008ರಲ್ಲಿ ಶೇ. 81ರಲ್ಲಿ. ಹನ್ನೊಂದೇ ವರ್ಷ! ಈಗ ಎಷ್ಟೋ ಕಡೆ ಕಾಡಿನ ನೆಲವೇ ಕಾಣುವುದಿಲ್ಲ.

ಹಕ್ಕಿನೋಟ

ಮೇಷ್ಟ್ರೇ, ಆ ಅಂಕಿ ನಾನೂ ಒಪ್ಪುತ್ತೇನೆ. ಆದರೆ ಕಾರಣ ಬೆಂಕಿ ನಿಲ್ಲಿಸಿದ್ದೇ ಅನ್ನಲು ಅವಸರ ಬೇಡ. ಬೆಂಕಿ ಬಿದ್ದು ಬಯಲಾದ ಜಾಗಕ್ಕೇ ಲಂಟಾನ ಮೊದಲು ನುಗ್ಗುತ್ತದೆ ಅನ್ನುವ ವಾದವೂ ಸಂಶೋಧಕರಲ್ಲಿದೆ. ಎರಡನೆಯದು, ಇವರ ತಾತ ಬೆಂಕಿ ಹಾಕಿದ ಕಾಡು ಈಗ ಇಲ್ಲ. ಅಂದು ನೆಲದಲ್ಲಿದ್ದದ್ದು ತರಗು ಮತ್ತು ಹುಲ್ಲು. ಇಂದು ಆಳೆತ್ತರದ ಲಂಟಾನ ಮರದ ಕೊಂಬೆವರೆಗೂ ಹತ್ತಿದೆ. ಅದಕ್ಕೆ ತಗುಲಿದ ಬೆಂಕಿ ನೆಲದಲ್ಲಿ ನಿಲ್ಲಲ್ಲ, ನೇರ ಮರದ ತಲೆಗೇ ಹೋಗುತ್ತೆ. ಜನವರಿಯಲ್ಲಿ ಹಾಕಿದರೂ ಅಷ್ಟೇ. ಜ್ಞಾನ ಹಳೆಯದಿರಬಹುದು, ಉರುವಲು ಹೊಸದು.

ಡಾರ್ವಿನ್ ಕನ್ನಡಿಗ

ದೂರದಿಂದ ಒಂದು ಮಾತು. ನಾನಿರುವ ಉತ್ತರ ಆಸ್ಟ್ರೇಲಿಯಾದಲ್ಲೂ ಇದೇ ಜಗಳ ನಡೆದಿತ್ತು. ಪಶ್ಚಿಮ ಆರ್ನೆಮ್ ಲ್ಯಾಂಡ್‌ನ ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿದ ಮೇಲೆ ಬೇಸಿಗೆಯ ಕೊನೆಯಲ್ಲಿ ಭಾರೀ ಬೆಂಕಿ ಬೀಳುವುದು ಹೆಚ್ಚಾಯ್ತು. 2006ರಿಂದ ಅಲ್ಲಿನ ಮೂಲನಿವಾಸಿ ರೇಂಜರ್‌ಗಳೇ ಒಣಗಾಲದ ಶುರುವಿನಲ್ಲಿ ತಣ್ಣನೆ ಬೆಂಕಿ ಹಾಕುವ ದೊಡ್ಡ ಯೋಜನೆ ನಡೆಸ್ತಿದ್ದಾರೆ, ಅನಿಲ ಹೊರಸೂಸುವಿಕೆ ಕಮ್ಮಿ ಮಾಡಿದ್ದಕ್ಕೆ ಕಂಪನಿ ಕಡೆಯಿಂದ ದುಡ್ಡೂ ಬರುತ್ತೆ. ಆದರೆ ಅದು ಬಯಲು ಹುಲ್ಲಿನ ಕಾಡು. ಹಕ್ಕಿನೋಟ ಹೇಳಿದ ಲಂಟಾನದ ಸಮಸ್ಯೆಗೆ ಅಲ್ಲಿಂದ ಉತ್ತರ ಸಿಗುತ್ತೆ ಅಂತ ನಾನು ಹೇಳಲ್ಲ.

ಪೋಡಿನ ಹುಡುಗ

ಹಕ್ಕಿನೋಟ ಅಣ್ಣ ಹೇಳಿದ್ದು ದಿಟ. ಈಗ ಏಕ್‌ದಂ ಬೆಂಕಿ ಹಾಕಿ ಅಂತ ನಮ್ ಯಜಮಾನ್ರೂ ಹೇಳಲ್ಲ. ಮೊದ್ಲು ಲಂಟಾನ ಬೇರು ಸಮೇತ ಕೀಳ್ಬೇಕು, ಆ ಜಾಗದಲ್ಲಿ ಹುಲ್ಲು ಬರಿಸ್ಬೇಕು, ಆಮ್ಯಾಕೆ ಸಣ್ಣ ಸಣ್ಣ ತುಂಡಲ್ಲಿ. ಎಲ್ಲಿ, ಯಾವಾಗ ಅನ್ನೋದ್ನ ಗ್ರಾಮಸಭೇಲಿ ಕೂತು ತೀರ್ಮಾನ ಮಾಡ್ಬೇಕು, ನಮ್ಮನ್ನ ಬರೀ ಕೂಲಿಗೆ ಕರೆಯೋದಲ್ಲ.

ನಮ್ಮೊಂದು ಕಲ್ಲುಗುಡಿಗೆ ಹೋಗೋ ದಾರಿ ಪೂರ್ತಿ ಲಂಟಾನ ಮುಚ್ಕೊಂಡದ. ಬಗ್ಗಿಕೊಂಡು, ಕೆಲವು ಕಡೆ ಅಂಬೆಗಾಲಲ್ಲಿ ಹೋಗ್ಬೇಕು. ಆನೆ ಮಾರು ದೂರದಲ್ಲಿ ನಿಂತಿದ್ರೂ ಕಾಣಲ್ಲ, ಲದ್ದಿ ಬಿಸಿ ನೋಡಿ ಅಂದಾಜು ಮಾಡ್ಬೇಕು. ವಯಸ್ಸಾದವ್ರು ಹೋಗೋದ್ನೇ ಬುಟ್ಟವ್ರೆ. ಕತ್ತಿ ತಕ್ಕೊಂಡು ದಾರಿ ಸವರಿದ್ರೆ ಕೇಸು ಬೀಳ್ತದ ಅನ್ನೋ ಹೆದರಿಕೆ. ಕಳೆ ಕಿತ್ತವನ ಮ್ಯಾಲೆ ಕೇಸು ಹಾಕೋ ಊರು ಯಾವ್ದಾದ್ರೂ ಇದ್ರೆ ಅದು ನಮ್ದೇ ಇರ್ಬೇಕು.

ಕುಶಾಲನಗರದ ಅಕ್ಕ

ನಮ್ಮ ಕೊಡಗಿನ ಉದಾಹರಣೆ ಕೊಡ್ತೀನಿ. ಇಲ್ಲಿ 1,214 ದೇವರಕಾಡುಗಳಿವೆ ಅಂತ ಹೆಮ್ಮೆಯಿಂದ ಹೇಳ್ಕೊಳ್ತೀವಿ. 1905ರಲ್ಲಿ ಅವೆಲ್ಲ ಸೇರಿ 15,506 ಎಕರೆ. 1985ಕ್ಕೆ 6,299 ಎಕರೆ. ಉಳಿದದ್ದು ಎಲ್ಲಿಗೆ ಹೋಯ್ತು ಅಂತ ಕಾಫಿ ತೋಟಗಳನ್ನ ಕೇಳ್ಬೇಕು. ದೇವರ ಭಯ ಇತ್ತು, ಹಬ್ಬ ನಡೀತಿತ್ತು, ಕೊಡಲಿ ತಾಗಿಸಬಾರದು ಅನ್ನೋ ಕಟ್ಟೂ ಇತ್ತು. ಆದರೂ ಕಾಫಿ ರೇಟೇ ಗೆದ್ದಿತು. ನಂಬಿಕೆಯೊಂದೇ ಕಾಡನ್ನ ಕಾಯುತ್ತೆ ಅನ್ನೋರಿಗೆ ಇದನ್ನ ತೋರಿಸ್ಬೇಕು. ನಂಬಿಕೆ ಜೊತೆ ಕಾಗದವೂ ಬೇಕು, ಬೇಲಿ ಹಾಕಲು ಬಂದವನನ್ನ ತಡೆಯೋ ಅಧಿಕಾರವೂ ಬೇಕು.

ಇನ್ನೊಂದು, ನಾಗರಹೊಳೆ. ಮೂರ್ಕಲ್ ಹತ್ತಿರ ತಾಜ್ ಗುಂಪಿನ ರೆಸಾರ್ಟ್ ಬರ್ತಿತ್ತು. ಹಾಡಿ (ಅಲ್ಲಿನ ಬುಡಕಟ್ಟು ಹಟ್ಟಿ) ಜನ ರಸ್ತೆಗಿಳಿದು, ಕೋರ್ಟಿಗೂ ಹೋಗಿ, 1997ರಲ್ಲಿ ಹೈಕೋರ್ಟಿನಲ್ಲಿ ಅದು ನಿಂತಿತು. ಆವತ್ತು ರಾಷ್ಟ್ರೀಯ ಉದ್ಯಾನದೊಳಗೆ ಪಂಚತಾರಾ ಹೋಟೆಲ್ ಬರೋದನ್ನ ತಪ್ಪಿಸಿದವರಲ್ಲಿ ಮುಂದೆ ನಿಂತವರು ಈ "ಅತಿಕ್ರಮಣಕಾರರೇ". 2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತರಷ್ಟು ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದ್ವಲ್ಲ, ಆವಾಗಲೂ ಅವರು ಹೇಳಿದ್ದು ನಮ್ಮ ಹಿರಿಯರೂ ದೇವರುಗಳೂ ಅಲ್ಲೇ ಇದ್ದಾರೆ ಅಂತಲೇ. ಬಿಳಿಗಿರಿಯಲ್ಲಿ ಕಾಗದ ಸಿಕ್ಕಿದೆ, ಇಲ್ಲಿ ಅದಕ್ಕೇ ಇನ್ನೂ ಹೋರಾಟ.

ಚಾರಣಪ್ರಿಯ

ಅಕ್ಕ, ರೆಸಾರ್ಟ್ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಆದರೆ ನನ್ನ ಚಿಂತೆ ಬೇರೆ. ಇವತ್ತು ಪೂಜೆ, ನಾಳೆ ಅಲ್ಲಿಗೆ ಜೀಪ್ ಹೋಗೋ ದಾರಿ, ನಾಡಿದ್ದು ಕಲ್ಯಾಣ ಮಂಟಪ. ಬೆಟ್ಟದ ಮೇಲಿನ ಯಾವ ದೇವಸ್ಥಾನ ಸಣ್ಣದಾಗಿ ಉಳಿದಿದೆ ಹೇಳಿ? ಒಳಗಿನ ಜನರಿಗೆ ಒಳ್ಳೆ ಪ್ಯಾಕೇಜ್ ಕೊಟ್ಟು ಹೊರಗೆ ತರೋದೇ ಇಬ್ಬರಿಗೂ ಒಳ್ಳೇದು ಅಂತ ನನಗೆ ಈಗಲೂ ಅನ್ಸುತ್ತೆ.

ಕಾನೂನುಕಟ್ಟೆ

ಸ್ಥಳಾಂತರ ಆಗಬಾರದು ಅಂತ ಕಾನೂನು ಹೇಳಲ್ಲ. ಹಕ್ಕು ಗುರುತಿಸುವ ಕೆಲಸ ಮುಗಿಯೋವರೆಗೆ ಎಬ್ಬಿಸುವಂತಿಲ್ಲ, ಮುಗಿದ ಮೇಲೂ ಗ್ರಾಮಸಭೆಯ ಒಪ್ಪಿಗೆ ಬೇಕು, ಅದೂ ವಿಷಯ ತಿಳಿದು ಸ್ವಂತ ಇಚ್ಛೆಯಿಂದ ಕೊಟ್ಟಿದ್ದಿರಬೇಕು ಅಂತ ಹೇಳುತ್ತೆ. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಕೋರ್ ಪ್ರದೇಶಗಳ 591 ಹಳ್ಳಿಗಳ 64,801 ಕುಟುಂಬಗಳ ಲೆಕ್ಕ ಕೊಟ್ಟು ಸ್ಥಳಾಂತರ ಚುರುಕು ಮಾಡಿ ಅಂದಿತ್ತು. ಅಷ್ಟು ಮನೆಗಳಿಗೆ "ಸ್ವಂತ ಇಚ್ಛೆ" ಒಟ್ಟಿಗೇ ಹೇಗೆ ಹುಟ್ಟುತ್ತೆ ಅಂತ ನೀವೇ ಯೋಚಿಸಿ.

ದೇವಸ್ಥಾನ ಬೆಳೆಯೋದರ ಬಗ್ಗೆ ನೀವು ಹೇಳಿದ್ದು ನಿಜವಾದ ಭಯ. ಹಾಗೆ ಆದಾಗ "ಬೇಡ" ಅನ್ನುವ ಅಧಿಕಾರ ಯಾರಿಗಿರಬೇಕು ಅನ್ನೋದೇ ಪ್ರಶ್ನೆ. ಒಡಿಶಾದ ನಿಯಮಗಿರಿ ನೋಡಿ. ಅಲ್ಲಿ ಡೋಂಗ್ರಿಯಾ ಕೊಂಧ ಬುಡಕಟ್ಟಿನವರ ದೇವರು ನಿಯಮರಾಜ ಇರೋ ಬೆಟ್ಟದಲ್ಲಿ ಬಾಕ್ಸೈಟ್ ತೆಗೆದು ವೇದಾಂತ ಕಂಪನಿಯ ಕಾರ್ಖಾನೆಗೆ ಕೊಡುವ ಯೋಜನೆ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಈ ಜನರ ಧಾರ್ಮಿಕ ಹಕ್ಕಿಗೆ ಧಕ್ಕೆ ಆಗುತ್ತಾ ಅಂತ ಗ್ರಾಮಸಭೆಯೇ ತೀರ್ಮಾನಿಸಲಿ ಅಂತು. ಮಳೆಗಾಲದಲ್ಲಿ 12 ಹಳ್ಳಿಗಳಲ್ಲಿ ಸಭೆ ಕೂತವು. ಹನ್ನೆರಡೂ ಬೇಡ ಅಂದವು. ಬೇಡ ಅನ್ನೋ ಹಕ್ಕು ಇದ್ದದ್ದಕ್ಕೆ ಬೆಟ್ಟ ಉಳೀತು. ಬಿಳಿಗಿರಿಯಲ್ಲಿ ನಾಳೆ ಯಾರೋ ಒಂದು ತಾಣಕ್ಕೆ ಕಾಂಕ್ರೀಟ್ ಕಮಾನು ಕಟ್ಟಿಸಿಕೊಡ್ತೀನಿ ಅಂತ ಬಂದರೂ ಬೇಡ ಅನ್ನಬೇಕಾದವರು ಇದೇ ಗ್ರಾಮಸಭೆಯವರು. ಅವರನ್ನೇ ಆಚೆ ಕಳಿಸಿದರೆ ಕಮಾನಿಗೆ ಅಡ್ಡ ನಿಲ್ಲೋರು ಯಾರು?

ಹಕ್ಕಿನೋಟ

ಇದು ಸರಿಯಾದ ಮಾತು. ದೊಡ್ಡ ಸಂಪಿಗೆಯನ್ನೇ ನೋಡಿ. ಭಾರ್ಗವಿ ಹೊಳೆ ದಂಡೆಯ ಆ ಮರಕ್ಕೆ ಆರುನೂರು ವರ್ಷಕ್ಕೂ ಹೆಚ್ಚು ಅನ್ನುತ್ತಾರೆ. ಬುಡದಲ್ಲಿ ಸಾಲಾಗಿ ಲಿಂಗಗಳು, ಮೇಲೆ ಸೂರಿಲ್ಲ, ಮರವೇ ಗುಡಿ. ಅದು ಹಾಗೆ ಉಳಿದಿರುವುದು ಸೋಲಿಗರಿಂದ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಬೆಂಕಿ ಬಗ್ಗೆ ಮಾತ್ರ ನನ್ನ ತಕರಾರು ಅಲ್ಲೇ ಇದೆ. ಮೊದಲು ಚಿಕ್ಕ ತಾಕುಗಳಲ್ಲಿ ಮಾಡಿ, ಅಳೆದು ನೋಡಿ.

ಯಳಂದೂರು ಮೇಷ್ಟ್ರು

ಸುಮ್ಮನೆ ಒಂದು ವಿಷಯ. ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು ಈ ಬೆಟ್ಟದಲ್ಲಿ ಸಿಕ್ಕ ಒಂದು ಹೊಸ ಕಣಜಕ್ಕೆ 2022ರಲ್ಲಿ "ಸೋಲಿಗ" ಅಂತಲೇ ಕುಲನಾಮ ಇಟ್ಟರು. ಹುಳಕ್ಕೆ ಹೆಸರು ಕೊಟ್ಟಾಯ್ತು, ಹೆಸರಿನವರಿಗೆ ದಾರಿ ಬಿಡುವ ಬಗ್ಗೆ ನಾವಿನ್ನೂ ಚರ್ಚೆ ಮಾಡುತ್ತಿದ್ದೇವೆ!

ಅದೇ ಸಂಸ್ಥೆಯ ಜೊತೆ ಸೋಲಿಗರು ಕಾಡೆಲ್ಲ ಸುತ್ತಿ, ಹಿರಿಯರನ್ನು ಮುಂದಿಟ್ಟುಕೊಂಡು, ಜಿಪಿಎಸ್ ಹಿಡಿದು ಸುಮಾರು 500 ತಾಣಗಳ ನಕ್ಷೆ ಮಾಡಿದರು. ಇಲಾಖೆಯ ನಕ್ಷೆಯಲ್ಲಿ ಬ್ಲಾಕು, ಬೀಟು ಅಂತ ಇದ್ದ ಜಾಗಗಳ ಮೇಲೆ ಎಲ್ಲೆಗಳೂ ಅಬ್ಬಿಗಳೂ ಕೂತವು.

ಚಾರಣಪ್ರಿಯ

ಆ ನಕ್ಷೆ ಎಲ್ಲಾದರೂ ಸಿಗುತ್ತಾ ಮೇಷ್ಟ್ರೇ? ಲಿಂಕ್ ಇದ್ದರೆ ಹಾಕಿ. ನೋಡೋ ಕುತೂಹಲ ಅಷ್ಟೇ, ಹೋಗಲ್ಲ.

ಪೋಡಿನ ಹುಡುಗ

ಸಾರ್, ಬೇಜಾರು ಮಾಡ್ಕೋಬೇಡಿ. ಇಲ್ಲಿ ಯಾರೂ ಹಾಕ್ಬೇಡಿ ಅಂತ ಕೈ ಮುಗಿದು ಕೇಳ್ತೀನಿ. ಇದ್ರ ಬಗ್ಗೆ ನಮ್ಮೊಳಗೇ ಜಗಳ ಅದ. ನಕ್ಷೆ ತೋರ್ಸಿದ್ರೇ ಅಲ್ವಾ ಜನ ನಂಬೋದು ಅಂತಾರೆ ನಮ್ ವಯಸ್ಸಿನವ್ರು. ತಾತನಂಥವ್ರು, ದೇವ್ರ ಮನೆ ಬಾಗ್ಲನ್ನ ಸಂತೇಲಿ ಯಾಕ್ಲಾ ತೆಗೀತೀರಿ ಅಂತಾರೆ. ನಿಧಿ ಹುಡ್ಕೋ ಕಳ್ರಿಗೆ ಕಲ್ಲು ಕಂಡ್ರೆ ಸಾಕು, ಅಗೀತಾರೆ. ಡ್ರೋನ್ ಹಾರ್ಸೋರು ಬೇರೆ. ನಕ್ಷೆ ಗ್ರಾಮಸಭೆಗೆ ಗೊತ್ತಿರ್ಲಿ, ಇಲಾಖೆಗೆ ಗೊತ್ತಿರ್ಲಿ, ಅಷ್ಟು ಸಾಕು.

ನಿಮಗೆ ಬರ್ಬೇಕು ಅನ್ಸಿದ್ರೆ ರೊಟ್ಟಿ ಹಬ್ಬಕ್ಕೆ ಬನ್ನಿ. ಹೊಸ ರಾಗಿ ರೊಟ್ಟಿ, ಹಾಡು, ರಾತ್ರಿಯೆಲ್ಲಾ ಕುಣಿತ. ಯಾರನ್ನಾದ್ರೂ ಕೇಳ್ಕೊಂಡು ಬನ್ನಿ, ರೀಲ್ಸ್ ಮಾಡಕ್ಕೆ ಮಾತ್ರ ಬರ್ಬೇಡಿ.

ಚಾರಣಪ್ರಿಯ

ಸರಿ ಕಣಪ್ಪ, ಲಿಂಕ್ ಬೇಡ. ಸ್ಥಳಾಂತರದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಆದರೆ ಆ ಗುಂಪನ್ನ ನಮ್ಮಂಥ ಪ್ರವಾಸಿಗರ ಜೊತೆ ಹೋಲಿಸಲ್ಲ. ಹಬ್ಬಕ್ಕೆ ಕರೆದಿದ್ದೀರಿ, ಬರ್ತೀನಿ.

ಬೆಟ್ಟದೂರ

ನಮ್ದು ಮಲೆ ಮಹದೇಶ್ವರ ಬೆಟ್ಟದ ಕಡೆ ಪೋಡು. ನಮ್ಮಲ್ಲಿ ಮನೆ ಜಮೀನಿಗೆ ಕೆಲವ್ರು ಅರ್ಜಿ ಹಾಕವ್ರೆ, ದೇವ್ರ ಜಾಗ, ಹಳ್ಳ ಯಾವ್ದೂ ಬರ್ಸಿಲ್ಲ. ಎಲ್ಲಿಂದ ಶುರು ಮಾಡ್ಬೇಕು ಅಂತ ಕಾನೂನು ಗೊತ್ತಿರೋರು ಹೇಳಿ ಸಾರ್.

ಕಾನೂನುಕಟ್ಟೆ

ಮನೆ, ಹೊಲಕ್ಕೆ ಹಾಕಿರೋದು ನಮೂನೆ 'ಎ'. ನಿಮಗೆ ಬೇಕಿರೋದು ಸಮುದಾಯ ಹಕ್ಕಿಗೆ ನಮೂನೆ 'ಬಿ', ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ 'ಸಿ'. ಮೊದಲು ಗ್ರಾಮಸಭೆ ಕರೆಸಿ. ಅರ್ಧದಷ್ಟಾದರೂ ಸದಸ್ಯರು ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಇಲ್ಲದಿದ್ದರೆ ಆಮೇಲೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ.

ಸಾಕ್ಷ್ಯಕ್ಕೆ ಹೆದರಬೇಡಿ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ 13ನೆಯದರಲ್ಲಿ ಪವಿತ್ರ ಮರ, ತೋಪು, ಕೆರೆ ಹೊಳೆ ಜಾಗ, ಹೂಳುವ ಸುಡುವ ಜಾಗ ಎಲ್ಲ ಸಾಕ್ಷ್ಯ ಅಂತಲೇ ಬರೆದಿದೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ನಿಮ್ಮ ಯಜಮಾನರು, ಪಟ್ಟಗಾರರು, ವಯಸ್ಸಾದ ಹೆಂಗಸರು ಇವರ ಜೊತೆ ಜಾಗ ಜಾಗಕ್ಕೂ ನಡೆದು ಹೋಗಿ, ಅಲ್ಲಿಯೇ ಕೂತು ಬರೆದುಕೊಳ್ಳಿ. ಯಾವ ಕುಲದ್ದು, ಯಾವ ತಿಂಗಳು ಹೋಗ್ತಾರೆ, ಗಡಿ ಯಾವ ಹಳ್ಳ, ಯಾವ ಬಂಡೆ. ಪಕ್ಕದ ಪೋಡಿನವರನ್ನೂ ಕರಕೊಂಡು ಹೋಗಿ, ಗಡಿ ಜಗಳ ಅಲ್ಲೇ ಮುಗಿಯುತ್ತೆ. ಆಮೇಲೆ ಅರಣ್ಯ ಹಕ್ಕು ಸಮಿತಿ ಪರಿಶೀಲಿಸಿ, ಗ್ರಾಮಸಭೆ ಠರಾವು ಮಾಡಿ, ಉಪವಿಭಾಗ ಸಮಿತಿಗೆ ಕಳಿಸಬೇಕು. ಕೊನೆ ತೀರ್ಮಾನ ಜಿಲ್ಲಾ ಸಮಿತಿಯದ್ದು.

ಕೊಟ್ಟ ಪ್ರತಿ ಕಾಗದಕ್ಕೂ ತಾರೀಖು, ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ, ಒಂದು ಜೆರಾಕ್ಸ್ ಯಜಮಾನರ ಮನೆಯಲ್ಲಿ, ಇನ್ನೊಂದು ಊರಾಚೆ ಯಾರ ಹತ್ತಿರವಾದರೂ ಇರಲಿ. ಸಂದೇಹ ಇದ್ದರೆ ಇಲ್ಲೇ ಕೇಳಿ, ನಮೂನೆ ತುಂಬೋದನ್ನ ಒಂದೊಂದೇ ಕಾಲಂ ಹಿಡಿದು ಹೇಳ್ತೀನಿ.